ಒಳಗಿನವರ ಊಟ

ವಂಡ್ಸೆಯ ಆ ಡಾಕ್ಟರು ನಾಡಿ ಹಿಡಿಯುವ ಮೊದಲೇ ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದರು: “ಒಳ್ಗಿನೋರಿಗೆ ಎಂತ ಹಾಕ್ದ್ರಿ?” ಒಳಗಿನವರೆಂದರೆ ಕರುಳಿನ ಬ್ಯಾಕ್ಟೀರಿಯಾಗಳು.

ಗಂಟುಗಳ ಉರಿಯೂತ ಶುರುವಾದ ಮೇಲೆ ಅಮ್ಮ, ಕಾಯಿಲೆಯವರಿಗೆ ಅದೇ ಪಥ್ಯವೆಂದು, ಗಂಜಿ ಬಿಟ್ಟು ಬರೀ ಬ್ರೆಡ್ಡು ತಿನ್ನುತ್ತಿದ್ದಳು. ಸೆರಗು ಸಿಕ್ಕಿಸಲೂ ಬೆರಳು ಮಡಚಲಾಗುತ್ತಿರಲಿಲ್ಲ.

“ಬ್ರೆಡ್ಡಲ್ಲಿ ಅವ್ರಿಗೆ ಎಂತದೂ ಇಲ್ಲೆ ಅಮ್ಮ. ಉಪಾಸ ಬಿದ್ರೆ ಒಳ್ಗೇ ಗಲಾಟಿ ಮಾಡ್ತ್ರ್,” ಎಂದ ಡಾಕ್ಟರು ಮಾತ್ರೆಯ ಜೊತೆಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಸಳೆಯನ್ನೂ ಬರೆದುಕೊಟ್ಟರು.

ಮಳೆಗಾಲ ಕಳೆದು ರಕ್ತಪರೀಕ್ಷೆಯ ವರದಿ ನೋಡಿ, “ಉರಿಯೂತ ಇಳ್ದಿತ್. ಇನ್ನ್ ಹೆದ್ರುದ್ ಬ್ಯಾಡ,” ಎಂದರು. ನಾನು ನಿಟ್ಟುಸಿರು ಬಿಟ್ಟೆ. ಅಮ್ಮನ ಕಣ್ಣು ಮಾತ್ರ ಮೇಜಿನ ಮೂಲೆಯಲ್ಲಿದ್ದ ಡಾಕ್ಟರ ತಿಂಡಿಯ ಪೊಟ್ಟಣದ ಮೇಲಿತ್ತು. ಅದರಲ್ಲಿದ್ದುದು ಬ್ರೆಡ್ಡು.

ಅಮ್ಮ ಬೆರಳು ಮಡಚಿ ಮೇಜು ಕುಟ್ಟಿದಳು. “ನಿಮ್ಮ್ ಒಳ್ಗಿನೋರಿಗೆ ಎಂತ ಹಾಕ್ದ್ರಿ ಡಾಕ್ಟ್ರೆ?”

ಡಾಕ್ಟರು ಕನ್ನಡಕವನ್ನು ಮೂಗಿಗಿಳಿಸಿ, ಪೊಟ್ಟಣವನ್ನು ಮೆಲ್ಲನೆ ಡ್ರಾಯರಿಗೆ ತಳ್ಳಿದರು.