ಒಲೆಯ ಬಾಗಿಲಿಗೆ ಕಟ್ಟಿದ ಮಾಲೆ

ಟಿಣ್...

ತಂತಿಯಲ್ಲಿ ತೂಗುಬಿಟ್ಟ ಉಕ್ಕಿನ ಪಟ್ಟಿಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಒಂದು ಪೆಟ್ಟು. ಸದ್ದು ಏಳುತ್ತದೆ, ತೆಳುವಾಗುತ್ತದೆ, ಬಹಳ ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಕಮಲಾಕ್ಷ ಕಣ್ಣು ಮುಚ್ಚಿ ಅದರ ಬಾಲವನ್ನು ಕೇಳುತ್ತಿದ್ದ. ಪೆಟ್ಟಿನ ಸದ್ದು ಎಲ್ಲ ಉಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ; ಬಾಲ ಮಾತ್ರ ಬೇರೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಬಾಲ ಅರ್ಧಕ್ಕೇ ತುಂಡಾಗುತ್ತದೆ. ಈ ಪಟ್ಟಿಯದು ತುಂಡಾಗಲಿಲ್ಲ. ಅವನು ಅದನ್ನು ಇಳಿಸಿ ಗೋಣಿಯ ಮೇಲೆ ಮಲಗಿಸಿದ. ಅಷ್ಟರಲ್ಲಿ ಅಂಗಳದಲ್ಲಿ ಗಿರಾಕಿ ರಮಾನಾಥನ ಜೀಪು ನಿಂತಿತು.

ಪಾಣೆಮಂಗಳೂರಿನ ಹಳೆ ಸೇತುವೆಯ ಹತ್ತಿರ, ಹೊಳೆಗೆ ಬೆನ್ನು ಹಾಕಿದ ಶೀಟಿನ ಮಾಡು ಕಮಲಾಕ್ಷನ ವರ್ಕ್‌ಶಾಪು. ಒಳಗೆ ಎರಡು ಕರೆಂಟಿನ ಒಲೆಗಳು, ಒಂದು ದೊಡ್ಡದು, ಒಂದು ಸಣ್ಣದು. ಅಡಿಕೆ ಹಾಳೆತಟ್ಟೆ ಒತ್ತುವ ಅಚ್ಚು, ಪ್ಲೈವುಡ್ ಸೀಳುವ ಕತ್ತಿ, ಮರ ಚೂರು ಮಾಡುವ ಯಂತ್ರದ ಬ್ಲೇಡು, ಏನೇ ಇರಲಿ, ಆಕಾರ ಕೊಡುವವರು ಬೇರೆ, ಹದ ಕೊಡುವವನು ಇವನು. ಊರಲ್ಲಿ ಅವನಿಗೆ ಹದದ ಕಮಲಾಕ್ಷ ಎಂದೇ ಹೆಸರು.

ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಸೌದೆ ನೂಕುತ್ತಿದ್ದವರು. ಮಗ ಐಟಿಐ ಮುಗಿಸಿ ಶಾರ್ಜಾಕ್ಕೆ ಹೋದ. ಅಲ್ಲಿಯೂ ಬೆಂಕಿಯೇ ಸಿಕ್ಕಿತು. ಕೋಟ್ಟಯಂ ಕಡೆಯ ಒಬ್ಬ ಮೇಸ್ತ್ರಿಯ ಕೈಕೆಳಗೆ ಉಕ್ಕಿನ ಹದ ಕಲಿತ. ಬಿಸಿ ಒಲೆಯನ್ನು ಸದಾ ಬಲಗಡೆಗೆ ಮಾಡಿ ನಿಲ್ಲುವ ಅಭ್ಯಾಸದಿಂದ ಮುಖದ ಬಲಭಾಗ ಸುಟ್ಟ ಮಡಕೆಯ ಬಣ್ಣಕ್ಕೆ ತಿರುಗಿತು. ಆ ಬದಿಯ ಹುಬ್ಬು ಮತ್ತೆ ಸರಿಯಾಗಿ ಮೂಡಲೇ ಇಲ್ಲ. ಊರಿಗೆ ಬಂದು ಅಮ್ಮಣ್ಣಿಯನ್ನು ಮದುವೆಯಾಗಿ ಒಲೆ ಇಟ್ಟ ಮರುವರ್ಷವೇ ನೇತ್ರಾವತಿ ಒಳಗೆ ನುಗ್ಗಿ ಒಲೆಯ ಇಟ್ಟಿಗೆಗಳನ್ನೆಲ್ಲ ನೆನೆಸಿಬಿಟ್ಟಳು. ಗಂಡಹೆಂಡತಿ ಒಂದೊಂದೇ ಇಟ್ಟಿಗೆ ಬಿಡಿಸಿ, ಹಪ್ಪಳ ಒಣಗಿಸುವ ಹಾಗೆ ಚಾಪೆಯ ಮೇಲೆ ಹರಡಿ, ಮತ್ತೆ ಕಟ್ಟಿದರು. ಅಂದಿನಿಂದ ಅಮ್ಮಣ್ಣಿಗೆ ಆ ಒಲೆಗಳ ಮೇಲೆ ಕೊಟ್ಟಿಗೆಯ ಹಸುಗಳ ಮೇಲಿರುವಂಥ ಮಮತೆ.

ಮರದ ಯಂತ್ರಗಳ ಬ್ಲೇಡಿಗೆ ಅವನು ಬಳಸುವುದು ಡಿ-ಟು ಎಂಬ ಉಕ್ಕು. ಅದರಲ್ಲಿ ಇಂಗಾಲ ಹೆಚ್ಚು, ಕ್ರೋಮಿಯಂ ಇನ್ನೂ ಹೆಚ್ಚು. ಎರಡೂ ಸೇರಿ ಉಕ್ಕಿನೊಳಗೆ ಮರಳಿನಂಥ ಗಟ್ಟಿ ಕಣಗಳಾಗುತ್ತವೆ. ಅದು ಸವೆಯದೆ ಉಳಿಯುವುದು ಆ ಕಣಗಳ ದೆಸೆಯಿಂದ; ಪೆಟ್ಟಿಗೆ ಹೆದರುವುದೂ ಅವುಗಳ ದೆಸೆಯಿಂದಲೇ. ಕಮಲಾಕ್ಷ ಬ್ಲೇಡನ್ನು ಕೆಸುವಿನೆಲೆಯ ಪತ್ರೊಡೆ ಸುತ್ತುವ ಹಾಗೆ ತೆಳು ಸ್ಟೀಲ್ ಹಾಳೆಯಲ್ಲಿ ಸುತ್ತುತ್ತಾನೆ. ಒಳಗುಳಿದ ಗಾಳಿಯನ್ನು ಸುಟ್ಟು ತೀರಿಸಲಿ ಎಂದು ಒಂದು ಚೂರು ಕಾಗದ ಇಡುತ್ತಾನೆ. ಬಿಸಿ ಏರಬೇಕಾದದ್ದು ನಿಧಾನಕ್ಕೆ. ಮೊದಲು ಮಂದ ಕೆಂಪು, ಆಮೇಲೆ ಸಾವಿರದಿಪ್ಪತ್ತು ಡಿಗ್ರಿಯ ಕಿತ್ತಳೆ. ಹೊರಗೆ ತೆಗೆದ ಮೇಲೆ ನೀರು ಬೇಡ, ಎಣ್ಣೆ ಬೇಡ. ಬರಿಯ ಫ್ಯಾನಿನ ಗಾಳಿಗೇ ಅದು ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಅದು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಸಿಡುಕು. ಅಂಗೈ ಇಟ್ಟು ತಡೆದುಕೊಳ್ಳುವಷ್ಟು ಬಿಸಿಗೆ ಇಳಿದ ಕೂಡಲೇ ಸಣ್ಣ ಒಲೆಗೆ ಹೋಗಬೇಕು, ಐನೂರರ ಆಚೀಚೆಯ ಬಿಸಿಗೆ. ಒಮ್ಮೆ ಸಾಲದು, ಎರಡು ಸಲ. ಒಳಗಿನ ಬಿಗಿ ಸಡಿಲವಾಗುವುದು ಅಲ್ಲಿ. ತಡಮಾಡಿದರೆ ಆ ಬಿಗಿಯೇ ಉಕ್ಕನ್ನು ಸೀಳಬಹುದು, ಯಾರೂ ಮುಟ್ಟದೆ, ಸದ್ದಿಲ್ಲದೆ.

ಈ ವರ್ಷ ನವರಾತ್ರಿಯ ಹೊತ್ತಿಗೆ ಎರಡು ಜೋಡಿ ಬ್ಲೇಡು ಬಂದಿದ್ದವು, ಒಂದೇ ಸರಳಿನಿಂದ ಕತ್ತರಿಸಿದವು. ಒಂದು ಜೋಡಿ ಮೂಡುಬಿದಿರೆಯ ರಮಾನಾಥನದು. ಇನ್ನೊಂದು ಪುಂಜಾಲಕಟ್ಟೆಯ ಮೂಸಾ ಬ್ಯಾರಿಯದು. ಇಬ್ಬರೂ ಕಡಿದ ರಬ್ಬರ್ ಮರವನ್ನು ಚೂರು ಮಾಡಿ ಗೇರುಬೀಜದ ಕಾರ್ಖಾನೆಗಳ ಬಾಯ್ಲರಿಗೆ ಕಳಿಸುವವರು. ಮೂಸಾ ಸ್ವತಃ ಬ್ಲೇಡು ಹೊತ್ತು ತಂದಿದ್ದರು.

"ಕಮಲಾಕ್ಷ, ಈ ಸಲ ಸ್ವಲ್ಪ ಬೇಗ ಸವೆಯುವ ಹಾಗೆ ಮಾಡು ಮಾರಾಯ. ನಿನ್ನ ಮುಖ ನೋಡ್ಲಿಕ್ಕೆ ನನಗೊಂದು ನೆಪ ಬೇಡ್ವಾ?"

"ನೋಡ್ಲಿಕ್ಕೆ ಈ ಮುಖದಲ್ಲಿ ಏನುಂಟು ಮೂಸಾಕ?"

"ಅದೂ ಸರಿಯೇ. ಒಂದು ಬದಿ ಬೆಂದಿದೆ, ಇನ್ನೊಂದು ಬದಿ ಹಸಿ. ಥೇಟ್ ನೀರುದೋಸೆ."

ಅಮ್ಮಣ್ಣಿ ಒಳಗಿನಿಂದಲೇ ನಕ್ಕಿದ್ದಳು.

ಆಯುಧಪೂಜೆಯ ದಿನ ಬೆಳಿಗ್ಗೆ ನಾಲ್ಕೂ ಬ್ಲೇಡುಗಳನ್ನು ಒಟ್ಟಿಗೆ ದೊಡ್ಡ ಒಲೆಗಿಟ್ಟ. ಮಧ್ಯಾಹ್ನಕ್ಕೆ ತೆಗೆದು, ಸಂಜೆಗೆ ಸಣ್ಣ ಒಲೆಯ ಕೆಲಸವನ್ನೂ ಮುಗಿಸಿ, ಆಮೇಲೆ ಪೂಜೆ. ಪ್ರತಿವರ್ಷದ ಲೆಕ್ಕ ಅದು. ಪೂಜೆಯಾದ ಮೇಲೆ ಮರುದಿನ ಬೆಳಗಾಗುವ ತನಕ ಯಂತ್ರ ಮುಟ್ಟುವ ಕ್ರಮ ಇಲ್ಲ. ಬ್ಲೇಡುಗಳಿಗೆ ಬಿಸಿ ಏರುತ್ತಿದ್ದಾಗ ಕರೆಂಟು ಹೋಯಿತು. ಬಂದದ್ದು ಬಹಳ ತಡವಾಗಿ. ಕಿತ್ತಳೆ ಬಣ್ಣದ ನಾಲ್ಕು ಪಟ್ಟಿಗಳನ್ನು ಹೊರಗೆಳೆದು ಫ್ಯಾನಿನ ಮುಂದೆ ಇಟ್ಟಾಗ ಹೊರಗೆ ಮುಸ್ಸಂಜೆ. ನೆರೆಯ ಅಂಗಡಿಯವರು ಪ್ರಸಾದದ ಅವಲಕ್ಕಿಗೆ ಬಂದು ನಿಂತಿದ್ದರು. ಅಮ್ಮಣ್ಣಿ ಒಲೆಗಳಿಗೆ ಗಂಧ ಹಚ್ಚಿ, ಕುಂಕುಮ ಇಟ್ಟು, ಹಿಡಿಯಿಂದ ಕೀಲಿನವರೆಗೆ ಬಾಗಿಲಿಗೆ ಅಡ್ಡವಾಗಿ ಸೇವಂತಿಗೆಯ ಮಾಲೆ ಕಟ್ಟಿ ಆರತಿ ಎತ್ತಿದಳು.

ಜನ ಹೋದ ಮೇಲೆ ಕಮಲಾಕ್ಷ ಒಂದು ಬ್ಲೇಡಿನ ಮೇಲೆ ಅಂಗೈ ಇಟ್ಟ. ಹದವಾದ ಬಿಸಿ. ಸಣ್ಣ ಒಲೆಯತ್ತ ನೋಡಿದ. ಕುಂಕುಮ ಇನ್ನೂ ಒದ್ದೆಯಾಗಿತ್ತು.

"ಮಾಲೆ ಬಿಚ್ಚಬೇಕಾ?" ಅಮ್ಮಣ್ಣಿ ಕೇಳಿದಳು. "ಬೇಕಾದರೆ ಬಿಚ್ಚುವ. ದೇವರು ಏನೂ ಹೇಳುವುದಿಲ್ಲ."

"ಬೇಡ, ಇರಲಿ. ಒಂದು ರಾತ್ರಿ ಅಲ್ವಾ?"

ನಾಲ್ಕನ್ನೂ ದಪ್ಪ ಗೋಣಿಯಲ್ಲಿ ಸುತ್ತಿಟ್ಟ, ಮಗುವಿಗೆ ಹೊದೆಸುವ ಹಾಗೆ. ಗೋಣಿ ಒಲೆಯಲ್ಲ ಎಂದು ಸುತ್ತುವಾಗಲೇ ಅವನಿಗೆ ಗೊತ್ತಿತ್ತು.

ವಿಜಯದಶಮಿಯ ದಿನ ಬೆಳಗಾಗುತ್ತಲೇ ಮಾಲೆ ಸರಿಸಿ ಬ್ಲೇಡುಗಳನ್ನು ಸಣ್ಣ ಒಲೆಗೆ ಹಾಕಿದ. ಎರಡನೆಯ ಸುತ್ತು ಮುಗಿದು ಅವು ತಣಿಯುವಾಗ ಸಂಜೆ. ಬ್ಲೇಡು ಒಯ್ಯಲು ರಮಾನಾಥನ ಯಂತ್ರ ನಡೆಸುವ ಲತೇಶ್ ಬೈಕಿನಲ್ಲಿ ಬಂದಿದ್ದ. ಅದೇ ಹೊತ್ತಿಗೆ ಹುಲಿವೇಷದ ತಂಡ ರಸ್ತೆಯುದ್ದಕ್ಕೂ ಅಂಗಡಿಯಿಂದ ಅಂಗಡಿಗೆ ಕುಣಿಯುತ್ತ ಬಂತು. ತಾಸೆ ವಾದ್ಯದ ಬಡಿತಕ್ಕೆ ಮಾಡಿನ ಶೀಟುಗಳೆಲ್ಲ ನಡುಗುತ್ತಿದ್ದವು. ಕಮಲಾಕ್ಷ ಒಂದೊಂದೇ ಬ್ಲೇಡನ್ನು ತಂತಿಗೆ ತೂಗಿ ಹೊಡೆದ. ಪೆಟ್ಟು ಕೇಳಿಸಿತು. ಬಾಲ ಕೇಳಿಸಲಿಲ್ಲ.

ತಾಸೆ ದಾಟಲಿ ಎಂದು ಅವನು ಕಾದ. ಅದು ಪಕ್ಕದ ಅಂಗಡಿಯ ಎದುರೇ ನಿಂತು ಬಡಿಯುತ್ತಲೇ ಇತ್ತು.

"ಕೊಡಿ ಕಮಲಾಕ್ಷಣ್ಣ," ಎಂದ ಲತೇಶ್. ಮಾತಾಡುವಾಗಲೂ ಅವನ ಕಾಲು ತಾಳ ಹಾಕುತ್ತಿತ್ತು. "ಮಗಳಿಗೆ ಹುಲಿ ತೋರಿಸ್ತೇನೆಂದು ಹೇಳಿದ್ದೇನೆ."

"ಇಲ್ಲಿ ಇದೆಯಲ್ಲ ಹುಲಿ?"

"ಇದು ಹುಲಿಯಾ? ಊಟ ಮಾಡಿ ಬಂದ ಬೆಕ್ಕು. ನಮ್ಮ ಕಡೆಯದು ನೋಡಿ, ಹೇಗೆ ಹಾರ್ತದೆ."

ಕಮಲಾಕ್ಷ ನಗುತ್ತ ಬ್ಲೇಡು ಕಟ್ಟಿಕೊಟ್ಟ. ಮೂಸಾಕನ ಜೋಡಿ, ಮತ್ತೊಮ್ಮೆ ತೂಗಿ ಕೇಳದೆಯೇ, ಮರುದಿನ ಬಸ್ಸಿನಲ್ಲಿ ಹೋಯಿತು.

ಲತೇಶ್ ಸತ್ತದ್ದು ದೀಪಾವಳಿಗೆ ಒಂದು ವಾರ ಇರುವಾಗ, ಮಳೆ ಬಿಟ್ಟ ಮೇಲೆ. ಓಡುತ್ತಿದ್ದ ಯಂತ್ರದಲ್ಲಿ ಬ್ಲೇಡು ತುಂಡಾಯಿತು. ಒಂದು ಚೂರು ಮರ ತುಂಬುವ ಬಾಯಿಯಿಂದಲೇ ಹಿಂದಕ್ಕೆ ಹಾರಿ ಅವನ ಕುತ್ತಿಗೆಗೆ ಬಡಿಯಿತು. ಆಸ್ಪತ್ರೆ ತಲುಪುವವರೆಗೂ ಉಸಿರು ಉಳಿಯಲಿಲ್ಲ. ಮರದಲ್ಲಿ ಮೊಳೆ ಇತ್ತಂತೆ, ಇವನು ನೋಡದೆ ತುಂಬಿದನಂತೆ, ಕೈಯಲ್ಲಿ ಮೊಬೈಲ್ ಇತ್ತಂತೆ. ಸುದ್ದಿ ಹಾಗೆಯೇ ಬಂತು. ಮೊಳೆ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಕಮಲಾಕ್ಷನ ಎದೆಯಲ್ಲಿ ಬಿಗಿದದ್ದೇನೋ ಸಡಿಲಾಯಿತು. ಸಡಿಲಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅವನು ಆ ಮೊಳೆಯನ್ನು ನಂಬಿದ.

ಬೊಜ್ಜದ, ಉತ್ತರಕ್ರಿಯೆಯ ದಿನ ವೇಣೂರಿಗೆ ಹೋಗಿ ಲತೇಶನ ಮನೆಯ ಜಗಲಿಯಲ್ಲಿ ಕುಳಿತ. ತಾಯಿ ಸೇಸಮ್ಮ ಎದುರಿಗೆ ಬಂದು ನಿಂತರು.

"ನೀವು ಬ್ಲೇಡಿನವರಾ?"

"ಹೌದಮ್ಮ."

"ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿದರೆ ಬಟ್ಟಲು ದೂಡಿ ನನಗೆ ಬೈಯುವವನು ಅವನು. ಅಷ್ಟು ದೊಡ್ಡ ಮೊಳೆ ಕಾಣಲಿಲ್ಲವಂತೆ. ಎಲ್ಲರೂ ಮೊಳೆ, ಮೊಳೆ ಹೇಳ್ತಾರೆ. ಎಲ್ಲಿ ಉಂಟು ಆ ಮೊಳೆ? ಯಾರಾದರೂ ತಂದು ನನ್ನ ಕೈಯಲ್ಲಿ ಇಟ್ಟಿದ್ದಾರಾ?"

ಕಮಲಾಕ್ಷ ತಲೆ ತಗ್ಗಿಸಿದ. ಸೇಸಮ್ಮನ ಸೆರಗು ಹಿಡಿದು ನಿಂತ ಸಣ್ಣ ಹುಡುಗಿ ಅವನ ಕಪ್ಪುಬದಿಯ ಮುಖವನ್ನೇ ನೋಡುತ್ತಿದ್ದಳು, ವೇಷವೋ ಎಂಬಂತೆ.

ಈಗ ರಮಾನಾಥ ಜೀಪಿನಿಂದಿಳಿದು ಒಂದು ಗೋಣಿಚೀಲವನ್ನು ಬೆಂಚಿನ ಮೇಲಿಟ್ಟ. ನೆಲ್ಲಿಕೊಂಬೆ ಇಟ್ಟು ತುಳಸಿಪೂಜೆ ಮಾಡಿದ ಮರುದಿನ ಅದು. ಅಮ್ಮಣ್ಣಿ ಅಂಗಳದಲ್ಲಿ ಒಣಗಿದ ಹೂ ಗುಡಿಸುತ್ತಿದ್ದಳು.

"ಇದೇ ಅಳತೆಗೆ ಇನ್ನೊಂದು ಜೋಡಿ ಆಗಬೇಕು ಕಮಲಾಕ್ಷಣ್ಣ. ಪೊಲೀಸರದ್ದೆಲ್ಲ ಮುಗಿಯಿತು. ಯಂತ್ರ ಎಷ್ಟು ದಿನ ಅಂತ ಮಲಗಿಸುವುದು?"

ಕಮಲಾಕ್ಷ ಚೀಲ ಬಿಚ್ಚಿದ. ತುಂಡಾದ ಬ್ಲೇಡಿನ ಎರಡು ಚೂರು, ಮುರಿಯದೆ ಉಳಿದ ಜೊತೆ ಬ್ಲೇಡು. ಒಂದು ಚೂರನ್ನು ಬಾಗಿಲ ಬೆಳಕಿಗೆ ಹಿಡಿದು ಮುರಿದ ಮುಖವನ್ನು ನೋಡಿದ. ಮುಕ್ಕಾಲುಪಾಲು ಹಸಿ ಬೂದಿಯ ಬಣ್ಣ, ಹೊಸದಾಗಿ ಮುರಿದ ಉಕ್ಕಿಗೆ ಇರಬೇಕಾದದ್ದೇ. ಆದರೆ ಬೋಲ್ಟಿನ ತೂತಿನ ಪಕ್ಕದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಜಾಗ, ನೀಲಿ. ಪಾರಿವಾಳದ ಕೊರಳಿನಂಥ ನೇರಳೆ ಮಿಶ್ರಿತ ನೀಲಿ.

ಉಗುಳು ಹಚ್ಚಿ ಉಜ್ಜಿದ. ಹೋಗಲಿಲ್ಲ.

"ಏನದು?" ಎಂದ ರಮಾನಾಥ.

"ಇದು ಮೊಳೆಯಲ್ಲ."

"ಹೇಗೆ ಹೇಳ್ತೀರಿ?"

"ಈ ಬಣ್ಣ ಸಣ್ಣ ಒಲೆಯದ್ದು. ಗಾಳಿ ತಾಗಿದ ಜಾಗಕ್ಕೆ ಮಾತ್ರ ಹಿಡಿಯುವುದು. ಒಲೆಗೆ ಹೋಗುವಾಗಲೇ ಇಲ್ಲಿ ಬಾಯಿ ಬಿಟ್ಟಿತ್ತು. ನವಮಿಯ ರಾತ್ರಿ ಬಿಟ್ಟದ್ದು, ಗೋಣಿಯೊಳಗೆ." ಅವನ ಸ್ವರ ಏರಲಿಲ್ಲ. "ನಾನು ಬಾಗಿಲು ತೆರೆಯಬೇಕಿತ್ತು. ತೆರೆಯಲಿಲ್ಲ. ಮಾಲೆ ಇತ್ತು."

ಅಂಗಳದಲ್ಲಿ ಪೊರಕೆಯ ಸದ್ದು ನಿಂತಿತು.

ಕಮಲಾಕ್ಷ ಉಳಿದ ಬ್ಲೇಡನ್ನು ತಂತಿಗೆ ತೂಗಿದ. ತಾಸೆ ಇರಲಿಲ್ಲ. ರಸ್ತೆಯೂ ಆ ಗಳಿಗೆಯಲ್ಲಿ ಖಾಲಿ. ಮರದ ಹಿಡಿಯಿಂದ ಹೊಡೆದ. ಟಿಕ್. ಅಷ್ಟೇ. ಮಡಕೆಗೆ ಹೊಡೆದ ಹಾಗೆ. ಇನ್ನೊಮ್ಮೆ ಹೊಡೆದ. ಬಾಲವೇ ಇಲ್ಲ.

"ಇದೂ," ಎಂದ. ಕಿಸೆಯಿಂದ ಮೊಬೈಲ್ ತೆಗೆದು ಮೂಸಾಕನಿಗೆ ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಹಗಲಲ್ಲಿ ಮೂಸಾಕ ಫೋನ್ ಎತ್ತದಿದ್ದರೆ ಒಂದೇ ಅರ್ಥ: ಯಂತ್ರ ಓಡುತ್ತಿದೆ, ಅವರು ಅದರ ಬಾಯಿಯ ಹತ್ತಿರ ನಿಂತಿದ್ದಾರೆ.

ರಮಾನಾಥ ಸ್ಟೂಲು ಎಳೆದು ಹತ್ತಿರ ಕುಳಿತ. ಕೆಟ್ಟವನಲ್ಲ ಅವನು, ಲತೇಶನ ಹೆಣಕ್ಕೆ ಹೆಗಲು ಕೊಟ್ಟಿದ್ದ. ಈಗ ಅವನ ಸ್ವರ ತಗ್ಗಿತು.

"ಕಮಲಾಕ್ಷಣ್ಣ, ಸಮಾಧಾನ ಮಾಡಿ. ಇದನ್ನು ನೋಡಿದ್ದು ನಾವಿಬ್ಬರೇ. ಮೊಳೆ ಅಂತ ಬರೆದು ಆಗಿದೆ. ನೀವೀಗ ಬಾಯಿ ಬಿಟ್ಟರೆ ನಿಮ್ಮ ಒಲೆಗೆ ಬೀಗ, ನನ್ನ ಯಂತ್ರಕ್ಕೆ ಬೀಗ. ಹೋದವನು ಬರ್ತಾನಾ?"

"ಅವನ ಅಮ್ಮ ಮೊಳೆ ಕೇಳ್ತಿದ್ದಾರೆ."

"ಅವರು ಮುದುಕಿ ಮಾರ್ರೆ, ಎರಡು ದಿನ ಕೇಳ್ತಾರೆ. ಮೂಸಾಕನಿಗೆ ಏನಾದರೊಂದು ನೆಪ ಹೇಳಿ ಬ್ಲೇಡು ವಾಪಸ್ ತರಿಸುವ. ನಾಳೆ ನಾನೇ ಜೀಪು ಕಳಿಸ್ತೇನೆ..."

ಕಮಲಾಕ್ಷ ಮತ್ತೆ ಫೋನ್ ಹಚ್ಚಿದ. ರಿಂಗಾಗುತ್ತಲೇ ಇತ್ತು. ಅದನ್ನು ಹಾಗೆಯೇ ಹೆಂಡತಿಯ ಕೈಯಲ್ಲಿಟ್ಟ. ಅವಳ ಬೆರಳಿನಲ್ಲಿ ಒಣ ಸೇವಂತಿಗೆಯ ಎಸಳು ಅಂಟಿತ್ತು.

"ಮಾಡ್ತಾ ಇರು. ಎತ್ತಿದರೆ ಮೊದಲು ಯಂತ್ರ ನಿಲ್ಲಿಸಲಿಕ್ಕೆ ಹೇಳು. ಬಾಕಿ ಎಲ್ಲ ಆಮೇಲೆ."

"ನೀವು?"

"ಪುಂಜಾಲಕಟ್ಟೆಗೆ. ಅಲ್ಲಿಂದ ವೇಣೂರು."

ಅಮ್ಮಣ್ಣಿ ಏನೋ ಹೇಳಲು ಬಾಯಿ ತೆರೆದಳು. "ಬಿಚ್ಚಬೇಕಾ ಅಂತ ನಾನು..."

"ನೀನು ಕೇಳಿದ್ದಿ," ಎಂದ ಅವನು. "ಬೇಡ ಅಂದದ್ದು ನಾನು."

ನೀಲಿ ಬಣ್ಣದ ಚೂರನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿದ. ಅದರ ಭಾರಕ್ಕೆ ಕಿಸೆ ಜೋತುಬಿತ್ತು. ಗೂಟದಿಂದ ಹೆಲ್ಮೆಟ್ ತೆಗೆದ.

"ಒಂದು ನಿಮಿಷ ಕುಳಿತು ಕೇಳಿ," ರಮಾನಾಥ ಎದ್ದು ನಿಂತ. "ನಾನು ಹೇಳುವುದು ನಿಮ್ಮ ಒಳ್ಳೆಯದಕ್ಕೇ. ಆ ಹೆಂಗಸಿನ ಎದುರು ಇದನ್ನು ಹಿಡಿದು ನಿಂತರೆ ನೀವು ಏನಂತ ಹೇಳ್ತೀರಿ, ಅದನ್ನಾದರೂ ಯೋಚನೆ..."

ಕಮಲಾಕ್ಷ ಆಗಲೇ ರಸ್ತೆ ದಾಟುತ್ತಿದ್ದ, ಆಚೆ ಬದಿಯಲ್ಲಿ ನಿಲ್ಲಿಸಿದ ಸ್ಕೂಟರಿನ ಕಡೆಗೆ.