ನೀಲಕಂಠಪ್ಪ ಅಂಕಲ್‌ಗೆ ದಾರಿ ಬಿಟ್ಟುಕೊಟ್ಟದ್ದು

ಮಗಳು ಇಶಾ ಈಗಷ್ಟೇ ಮಲಗಿದ್ದಾಳೆ. ಒಗೆದ ಬಟ್ಟೆ ಮಡಿಸುವ ಮೊದಲು ನೀಲಕಂಠಪ್ಪ ಅಂಕಲ್ ವಿಷಯ ಬರೆದುಬಿಡುತ್ತೇನೆ.

ಟೆಕ್ಸಾಸಿನ ಅಲೆನ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಮೂಲ ಹುಬ್ಬಳ್ಳಿ. ನಿವೃತ್ತರಾಗುವ ತನಕ ಬಂಗಾಳ ಕೊಲ್ಲಿಯ ಒಂದು ಪುಟ್ಟ ದ್ವೀಪದ ವಿಮಾನ ನಿಲ್ದಾಣದಲ್ಲಿ ನಾಗರಿಕ ವಿಭಾಗದ ಮುಖ್ಯಸ್ಥರಾಗಿದ್ದರು. ಮುಖ್ಯಸ್ಥರು ಎಂದರೆ, ಟಿಕೆಟ್ ನೋಡುವವರೂ ಅವರೇ, ಪೆಟ್ಟಿಗೆ ತೂಗುವವರೂ ಅವರೇ, ರನ್‌ವೇ ಮೇಲೆ ಬಿಸಿಲು ಕಾಯಿಸಿಕೊಳ್ಳುವ ನಾಯಿಯನ್ನು ಅಟ್ಟುವವರೂ ಅವರೇ. ಇದ್ದದ್ದು ಒಂದೇ ರನ್‌ವೇ, ಅದೂ ನೌಕಾಪಡೆಯದು. ಪ್ರಯಾಣಿಕರ ವಿಮಾನಕ್ಕೆ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ಅವಕಾಶ. ಅದಕ್ಕೂ ದಿನಾ ಬೆಳಿಗ್ಗೆ ಅಂಕಲ್ ಫೋನ್ ಮಾಡಿ ಕೇಳಿಕೊಳ್ಳಬೇಕಿತ್ತು.

ಆ ತುದಿಯಲ್ಲಿ ಫೋನ್ ಎತ್ತುತ್ತಿದ್ದವರು ನೌಕಾಪಡೆಯ ಕಂಟ್ರೋಲ್ ಟವರಿನ ಅಧಿಕಾರಿ, ಮೈಸೂರಿನ ಪ್ರೇಮಾ. "ಸ್ಟ್ಯಾಂಡ್‌ಬೈ", ಅಂದರೆ ಕಾಯುತ್ತಿರಿ, ಎಂದು ಹೇಳಿ ಇಟ್ಟುಬಿಡುತ್ತಿದ್ದರಂತೆ. ಒಂದು ದಿನ ಅಂಕಲ್ ರನ್‌ವೇ ಕೇಳಿದ ಉಸಿರಿನಲ್ಲೇ ಮದುವೆಯನ್ನೂ ಕೇಳಿದರು. ಅದಕ್ಕೂ "ಸ್ಟ್ಯಾಂಡ್‌ಬೈ." ಆ ಉತ್ತರಕ್ಕೆ ಒಂದು ಮಳೆಗಾಲ ಪೂರ್ತಿ ಕಾದರು.

ಈಗಲೂ ಅಷ್ಟೇ. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುತ್ತಿದ್ದರೂ ಅಂಕಲ್ ಅಡುಗೆಮನೆಯಿಂದ ಕೂಗುತ್ತಾರೆ: "ಪ್ರೇಮಾ, ಒಗ್ಗರಣಿ ಹಾಕ್ಲೇನು?"

"ಹಾಕಿ!" ಎಂದು ಮಹಡಿಯಿಂದ ಬಂದ ಮೇಲೇ ಸಾಸಿವೆ ಸಿಡಿಯುವುದು.

ಇಲ್ಲಿಯ ತನಕ ಕಾರು ಓಡಿಸುತ್ತಿದ್ದದ್ದು ಪ್ರೇಮಾ ಆಂಟಿಯೇ. ಈ ತಿಂಗಳ ಕೊನೆಗೆ ಅವರ ಬಲಮಂಡಿಯ ಆಪರೇಷನ್. ಆಮೇಲೆ ಆರು ವಾರ ಡ್ರೈವ್ ಮಾಡುವಂತಿಲ್ಲ. ಮಗ ನಿಖಿಲ್ ವಾರವಿಡೀ ದೂರದ ಆಸ್ಟಿನ್ನಿನ ಆಫೀಸಿನಲ್ಲಿರುತ್ತಾನೆ. ಫಿಸಿಯೋಥೆರಪಿಗೆ ನಾನೇ ಕರೆದುಕೊಂಡು ಹೋಗುತ್ತೇನೆಂದರೆ ಅಂಕಲ್ ಒಪ್ಪಲಿಲ್ಲ.

"ಆಕಿ ಜೀವನಪೂರ್ತಿ ನನ್ನ ವಿಮಾನ ಇಳಿಸ್ಯಾಳವ್ವಾ. ಈ ಆರು ವಾರ ನಾನ ಆಕಿನ್ನ ಇಳಿಸ್ಬೇಕು. ನೀ ನನಗ ಬರೇ ಕಲಿಸು."

ಕಲಿಸಿದೆ. ಹಿಂದಿನ ಸೀಟಿನಲ್ಲಿ ಇಶಾ, ಅವಳ ಬಾಯಿ ಮುಚ್ಚಿಸಲು ಒಂದು ಡಬ್ಬಿ ಚುರುಮುರಿ. ಅಂಕಲ್ ಕನ್ನಡಿ ನೋಡುವುದು ಸರಿ, ತಿರುವು ಸರಿ, ಪಾರ್ಕಿಂಗ್ ಅಂತೂ ನನಗಿಂತ ಚೆನ್ನ. ತೊಂದರೆ ಒಂದೇ. ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಚೌಕದಲ್ಲಿ ಮೊದಲು ಬಂದು ನಿಂತವರು ಮೊದಲು ಹೊರಡಬೇಕು. ಅಂಕಲ್ ಮೊದಲು ಬರುತ್ತಾರೆ, ಕೊನೆಗೂ ಹೊರಡುವುದಿಲ್ಲ.

"ಹೋಗಿ ಅಂಕಲ್, ನಿಮ್ಮದೇ ಸರದಿ."

"ಹೌದು, ಆದ್ರ ಯಾರೂ ಹೇಳ್ಲಿಲ್ಲಲ್ಲ?"

"ಇಲ್ಲಿ ಯಾರೂ ಹೇಳಲ್ಲ!"

"ಗೋ ಅಜ್ಜಾ, ಗೋ!" ಎಂದು ಇಶಾ ಚುರುಮುರಿ ಎರಚಿದಳು. ತಕ್ಷಣ ಹೊರಟರು.

ಟೆಸ್ಟಿನಲ್ಲಿ ಇಶಾ ಇರಲಿಲ್ಲ. ಫೇಲಾದರು. ಚೌಕದಲ್ಲಿ ಎದುರಿನ ಪಿಕಪ್ ಟ್ರಕ್ಕಿನವನು ಹೋಗಿ ಎಂದು ಕೈಬೀಸಿದ. ಅಂಕಲ್ ನೀವೇ ಹೋಗಿ ಎಂದು ಬೀಸಿದರು. ಅವನು ಮತ್ತೆ ಬೀಸಿದ. ಇವರು ಎರಡೂ ಕೈಯಲ್ಲಿ ಬೀಸಿದರು. ಪರೀಕ್ಷಕಿ ಪೆನ್ನು ಮುಚ್ಚಿದಳು.

"ಅಂವ ಮಿಲಿಟರಿ ಟೋಪಿ ಹಾಕ್ಕೊಂಡಿದ್ದ," ಅಂದರು ಅಂಕಲ್. "ಮಿಲಿಟರಿ ಮೊದಲು, ಸಿವಿಲ್ ಆಮ್ಯಾಲೆ."

"ಅದು ಜಿಂಕೆ ಬೇಟೆಗೆ ಹೋಗೋರ ಟೋಪಿ, ಅಂಕಲ್! ಟೆಕ್ಸಾಸಲ್ಲಿ ಅರ್ಧ ಜನ ಹಾಕ್ತಾರೆ."

"ಹಂಗಾರ ಈ ಊರಾಗ ನಾ ಮನಿ ಮುಟ್ಟಿದಂಗ."

ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಆಪರೇಷನ್‌ಗೆ ಮೊದಲು ಉಳಿದಿದ್ದದ್ದು ಇನ್ನೊಂದೇ ಟೆಸ್ಟು. ಆಂಟಿಗೆ ವಿಷಯ ಹೇಳಿದೆ. ಅವರು ಬಿಸಿನೀರಿನ ಚೀಲವನ್ನು ಮಂಡಿಯ ಮೇಲೆ ಸರಿಪಡಿಸಿಕೊಂಡು, "ಓಹೋ, ತಪ್ಪು ನಂದೇ. ಟವರಿಂದ ಕ್ಲಿಯರೆನ್ಸೇ ಹೋಗಿಲ್ಲ," ಅಂದರು.

ಇವತ್ತು ಬೆಳಿಗ್ಗೆ ಎರಡನೇ ಟೆಸ್ಟು. ಆಂಟಿ ಊರುಗೋಲು ಹಿಡಿದು ತಾವೂ ಬಂದರು. ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ, ಪರೀಕ್ಷಕಿ ನೋಡನೋಡುತ್ತಿದ್ದಂತೆ, ಅಂಕಲ್ ಕೂತ ಕಾರಿನ ಕಿಟಕಿಗೆ ಬಗ್ಗಿದರು.

"ರೀ, ಕೇಳಿಸ್ಕೊಳಿ. ಅಲೆನ್‌ನ ಎಲ್ಲಾ ರಸ್ತೆ, ಹನ್ನೆರಡು ಗಂಟೆವರೆಗೆ ಸಿವಿಲ್‌ಗೆ. ಟೋಪಿ ಗೀಪಿ ನೋಡ್ಬೇಡಿ. ಅರ್ಥ ಆಯ್ತಾ?"

ಅಂಕಲ್ ಬೆನ್ನು ನೆಟ್ಟಗಾಯಿತು. "ಆತ್ರಿ, ಮೇಡಂ."

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ 'ಆತ್ರಿ, ಮೇಡಂ'! ಆಂಟಿ ಕೆಂಪಾದರು, ನಾನು ಇಶಾಳ ಮೂಗು ಒರೆಸುವ ನೆಪದಲ್ಲಿ ಆ ಕಡೆ ತಿರುಗಿದೆ.

ಪಾಸಾದರು! ಚೌಕದಲ್ಲಿ ನಿಂತರು, ನೋಡಿದರು, ಹೊರಟರು. ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಗೆ ಹೋಗಿ ಪೇಡೆ ತಂದೇ ಮನೆ ಎಂದರು. ಮುಂದೆ ಅಂಕಲ್ ಕಾರು, ಪಕ್ಕದಲ್ಲಿ ಆಂಟಿ. ಹಿಂದೆ ನಮ್ಮ ಕಾರಿನಲ್ಲಿ ನಾನು ಮತ್ತು ಇಶಾ.

ವಾಪಸ್ ಬರುವಾಗ, ನಮ್ಮ ಬೀದಿಯ ಚೌಕದಲ್ಲಿ ಅವರ ಕಾರು ನಿಂತಿತು. ಯಾವ ಕಡೆಯಿಂದಲೂ ಒಂದು ಕಾರಿಲ್ಲ. ಆದರೂ ಹೊರಡಲಿಲ್ಲ. ಗಡಿಯಾರ ನೋಡಿದೆ. ಹನ್ನೆರಡು ದಾಟಿತ್ತು.

ಹಾರ್ನ್ ಮಾಡಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬಲಗಡೆಯ ಕಿಟಕಿಯಿಂದ ಆಂಟಿಯ ಊರುಗೋಲು ಹೊರಬಂದು ನೇರ ಮುಂದಕ್ಕೆ ಚಾಚಿತು. ಕಾರು ಹೊರಟಿತು.

ಮನೆಯ ಮುಂದೆ ಇಳಿದು ಆಂಟಿ ನನ್ನ ಕೈಯಲ್ಲಿ ಪೇಡೆ ಇಟ್ಟರು. "ಆಪರೇಷನ್ ಆದ್ಮೇಲೆ ನಾನು ಮಾತ್ರೆ ನುಂಗಿ ಕಾರಲ್ಲೇ ನಿದ್ದೆ ಹೋಗಿರ್ತೀನಿ ಕಣೇ. ಟವರ್ ನೋಡ್ಕೊಳ್ಳೋಕೆ ಒಬ್ರು ಬೇಕು. ಇಶಾನ ಕಳಿಸ್ತೀಯಾ?"

ಹೊಸ ಟವರ್ ಅಧಿಕಾರಿಗೆ ಎರಡೂವರೆ ವರ್ಷ. ನಾನೂ ಜೊತೆಗೆ ಹೋಗುತ್ತೇನೆ, ಚುರುಮುರಿ ಡಬ್ಬಿಯೊಂದಿಗೆ. ನಾಳೆಯೇ ಅವಳ ಪುಟ್ಟ ಕಾರ್ ಸೀಟನ್ನು ಅವರ ಕಾರಿಗೆ ಕಟ್ಟಬೇಕು.