ಬ್ರೇಕು ಸೋರಿ ಬಂದ ಹೆಸರು

ಗುಬ್ಬಿಯಲ್ಲಿ ನನಗೊಂದು ಒಳ್ಳೆಯ ಹೆಸರಿತ್ತು. ವಿದ್ಯೆಯಿಂದ ಬಂದದ್ದಲ್ಲ, ದಾನಧರ್ಮದಿಂದಂತೂ ಅಲ್ಲವೇ ಅಲ್ಲ. ನಾನು ಕಾರು ಓಡಿಸುವ ರೀತಿಯಿಂದ ಬಂದದ್ದು.

ಹಂಪು ದೂರದಲ್ಲಿ ಕಂಡರೆ ಸಾಕು, ನನ್ನ ಕಾರು ತೆವಳತೊಡಗುತ್ತಿತ್ತು. ತೆಂಗಿನಕಾಯಿ ಲಾರಿ ಎದುರಾದರೆ ಪಕ್ಕಕ್ಕೆ ಸರಿದು, ಲಾರಿಯವನಿಗೇ ಸಂಕೋಚವಾಗುವಷ್ಟು ಹೊತ್ತು ಕಾಯುತ್ತಿದ್ದೆ. ರಸ್ತೆ ದಾಟಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತ ಎಮ್ಮೆಗೆ ಯೋಚನೆ ಮುಗಿಸುವ ಅವಕಾಶ ಕೊಡುತ್ತಿದ್ದೆ. ಜನ ಇದನ್ನು ಸಂಸ್ಕಾರ ಎಂದುಕೊಂಡರು. ನಮ್ಮ ಕಾಲೇಜಿನ ಸಹೋದ್ಯೋಗಿಗಳು ಬೈಕು ಹಾರಿಸುವ ತಮ್ಮ ಮಕ್ಕಳಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನಾನೂ ತಲೆ ತಗ್ಗಿಸಿ ಆ ಗೌರವ ಸ್ವೀಕರಿಸುತ್ತಿದ್ದೆ.

ನಡೆದಿದ್ದ ಸಂಗತಿ ಇಷ್ಟೇ: ನನ್ನ ಕಾರಿನ ಬ್ರೇಕು ಸೋರುತ್ತಿತ್ತು.

ಕಾರಿಗೆ ವಯಸ್ಸಾಗಿದೆ. ಮುಂದಿನ ಎಡಚಕ್ರದ ಒಳಮೈಯಲ್ಲಿ ಒಂದು ಜಿಡ್ಡು ಪಸೆ ಕಾಣಿಸಿಕೊಂಡಿತ್ತು. ಅಲ್ಲಿ ಕ್ಯಾಲಿಪರ್ ಎಂಬುದೊಂದು ಇರುತ್ತದೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಮುಷ್ಟಿ ಅದು. ಮುಷ್ಟಿಗೆ ಬಲ ಬರುವುದು ಬ್ರೇಕ್ ಆಯಿಲ್‌ನಿಂದ. ಆಯಿಲ್ ಸೋರಿದರೆ ಪೆಡಲು ಮೆತ್ತಗಾಗುತ್ತದೆ. ನಾನು ಪೆಡಲನ್ನು ಎರಡು ಮೂರು ಸಲ ಬಲವಾಗಿ ತುಳಿದು, ಮನಸ್ಸಿನಲ್ಲಿ ಸ್ವಲ್ಪ ಬೇಡಿಕೊಂಡರೆ ಕಾರು ನಿಲ್ಲುತ್ತಿತ್ತು. ಆಗಾಗ ಆಯಿಲ್ ತುಂಬಿಸುತ್ತ, ರಿಪೇರಿಯನ್ನು ಮುಂದಿನ ವಾರಕ್ಕೆ ತಳ್ಳುತ್ತ ಬಂದಿದ್ದೆ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು. ದ್ರವದ ಒತ್ತಡದ ಪಾಠಕ್ಕೆ ಪ್ರತಿ ವರ್ಷ ಕಾರಿನ ಬ್ರೇಕನ್ನೇ ಉದಾಹರಣೆ ಕೊಡುತ್ತೇನೆ. ಪಾಠಕ್ಕೂ ಮೇಷ್ಟರ ಬಾಳಿಗೂ ಸಂಬಂಧ ಇರಬೇಕೆಂದು ಯಾವ ಸಿಲಬಸ್ಸೂ ಹೇಳುವುದಿಲ್ಲ.

ಕೈಲಾಗದವನೇ ಸಾಧು ಎಂದು ಹಿರಿಯರು ಹೇಳುತ್ತಿದ್ದರು. ಅದನ್ನು ಯೋಚಿಸುತ್ತ ಹೋದರೆ ಎಲ್ಲರ ಮೇಲೂ ಅನುಮಾನ ಬರುತ್ತದೆ. ಮಿತಾಹಾರಿಗೆ ಹಲ್ಲುನೋವಿರಬಹುದು. ಮಿತಭಾಷಿಗೆ ಹೇಳಲು ಏನೂ ಇಲ್ಲದಿರಬಹುದು. ನಮ್ಮ ಬೀದಿಯಲ್ಲೇ ಒಬ್ಬರು ಎಂದೂ ಸಿಟ್ಟಾಗದ ಮಹಾನುಭಾವರಿದ್ದರು, ಅವರಿಗೆ ಕಿವಿ ಕೇಳುತ್ತಿರಲಿಲ್ಲ ಎಂದು ಬಹಳ ತಡವಾಗಿ ಗೊತ್ತಾಯಿತು. ಸದ್ಗುಣಗಳನ್ನು ತೀರ ಹತ್ತಿರದಿಂದ ನೋಡಬಾರದು.

ಹೀಗೆ ಹೆಸರು ಉಂಡುಕೊಂಡಿದ್ದವನಿಗೆ ಕುಣಿಗಲ್‌ನಿಂದ ಅಕ್ಕನ ಫೋನು ಬಂತು. ಅವಳ ಮಗಳು ಸುಮಾಗೆ ತುಮಕೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು, ಗಂಡು ಮಗು. ಬಾಣಂತಿಯನ್ನೂ ಕೂಸನ್ನೂ ಕುಣಿಗಲ್ಲಿಗೆ ಕರೆತರಬೇಕು. ಬುಧವಾರ ಡಿಸ್ಚಾರ್ಜು, ರಾಹುಕಾಲಕ್ಕೆ ಮೊದಲು ಹೊರಡಬೇಕು. ಒಳ್ಳೆಯದೊಂದು ಟ್ಯಾಕ್ಸಿ ಮಾಡಿಸೋಣವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಬ್ಯಾರೆ ಕಾರ್ ಬ್ಯಾಡ ಕಣೋ," ಎಂದಳು ಅಕ್ಕ. "ನೀನ್ ಓಡ್ಸುದ್ರೆ ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ. ಕೂಸು ಕಣೋ, ಇನ್ಯಾರ್ ಕೈಗೂ ಕೊಡಲ್ಲ ನಾನು."

ಫೋನಿಟ್ಟು ಯೋಚಿಸಿದೆ. ನನ್ನ ಕಾರಿನಲ್ಲಿ ಅದುವರೆಗೆ ಕೂತವರೆಲ್ಲ ಬದುಕಿನಲ್ಲಿ ಒಂದಷ್ಟು ಕಂಡವರು. ಇವನು ಇನ್ನೂ ಸರಿಯಾಗಿ ಕಣ್ಣು ಬಿಟ್ಟವನಲ್ಲ. ನಿಜವಾಗಿ ಭಯವಾಯಿತು, ನಾಚಿಕೆಯೂ ಆಯಿತು. ಮರುದಿನವೇ ಹಿರೇಹಳ್ಳಿಯ ಹತ್ತಿರದ ಗ್ಯಾರೇಜಿಗೆ ಕಾರನ್ನು ಎಂದಿಗಿಂತ ಸಭ್ಯವಾಗಿ ಓಡಿಸಿಕೊಂಡು ಹೋದೆ.

ಮೆಕ್ಯಾನಿಕ್ ಬಾಬು ಮೊದಲು ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲ್ ಕಿಟ್ ಬದಲಾಯಿಸಿದರೆ ಸಾಕೆಂದ. ಬಿಚ್ಚಿ ನೋಡಿದರೆ ಒಳಗಿನ ಪಿಸ್ಟನ್ನು ತುಕ್ಕು ತಿಂದು ಗುಳಿಬಿದ್ದಿತ್ತು. ಹೊಸ ಸೀಲ್ ಹಾಕಿದರೂ ಮತ್ತೆ ಸೋರುವುದೇ. ಬಲಗಡೆಯದೂ ಅದೇ ಹಾದಿ ಹಿಡಿದಿತ್ತು. ಕೊನೆಗೆ ಎರಡೂ ಕ್ಯಾಲಿಪರ್ ಬದಲಾಯಿಸುವುದೆಂದಾಗಿ, ಅವು ಬೆಂಗಳೂರಿನಿಂದ ಬರಬೇಕಾಯಿತು. ಬಾಬು ಇಷ್ಟು ದಿನ ಕಾರನ್ನು ಹೇಗೆ ನಿಲ್ಲಿಸುತ್ತಿದ್ದಿರಿ ಎಂದು ಕೇಳಿದ. ನಿಧಾನವಾಗಿ ಎಂದೆ.

ಮಂಗಳವಾರ ಸಂಜೆ ಕೆಲಸ ಮುಗಿಯಿತು. ಹಳೆಯ ಆಯಿಲ್ ಚೆಲ್ಲಿ, ಹೊಸದು ತುಂಬಿ, ಪೈಪಿನೊಳಗಿನ ಗಾಳಿ ತೆಗೆದು ಕಾರು ಒಪ್ಪಿಸುವಾಗ ಬಾಬು, ಬ್ರೇಕು ಈಗ ಖಡಕ್ಕಾಗಿದೆ, ಕಾಲು ಸುಮ್ಮನೆ ಸೋಕಿಸಿದರೆ ಸಾಕು ಎಂದು ಎಚ್ಚರಿಸಿದ. ನನ್ನ ತಲೆಗೆ ಅರ್ಥವಾಯಿತು. ಕಾಲಿಗೂ ಅರ್ಥವಾಗಿದೆಯೆಂದು ನಾನು ಭಾವಿಸಿದ್ದು ತಪ್ಪಾಯಿತು.

ಬುಧವಾರ ಬೇವಿನ ಸೊಪ್ಪು, ಫ್ಲಾಸ್ಕು, ಬಟ್ಟೆಗಂಟುಗಳ ಸಮೇತ ಹೊರಟೆವು. ಸುಮಾ ಕಿವಿಗೆ ಹತ್ತಿಯಿಟ್ಟು ತಲೆಗೆ ಸ್ಕಾರ್ಫು ಬಿಗಿದುಕೊಂಡು ಹಿಂದೆ ಕೂತಿದ್ದಳು. ಪಕ್ಕದಲ್ಲಿ ಅಕ್ಕ, ಅಕ್ಕನ ತೊಡೆಯ ಮೇಲೆ ಕೂಸು. ಹೆಬ್ಬೂರು ದಾಟಿದ ಮೇಲೆ ಮುಂದೆ ಹೋಗುತ್ತಿದ್ದ ಎಳನೀರಿನ ಗೂಡ್ಸ್ ಆಟೋ, ಯಾರೋ ಕೈ ಅಡ್ಡ ಹಾಕಿದರೆಂದು, ರಸ್ತೆಯ ನಡುವೆಯೇ ಗಕ್ಕನೆ ನಿಂತಿತು. ನನ್ನ ಕಾಲು ಹಳೆಯ ಅಭ್ಯಾಸದಂತೆ ಇದ್ದಬದ್ದ ಬಲವನ್ನೆಲ್ಲ ಪೆಡಲಿನ ಮೇಲೆ ಹಾಕಿತು. ಕಾರು ನೆಟ್ಟ ಹಾಗೆ ನಿಂತಿತು. ಫ್ಲಾಸ್ಕು ಉರುಳಿತು, ಅಕ್ಕನ ಹಣೆ ನನ್ನ ಸೀಟಿನ ಬೆನ್ನಿಗೆ ತಗುಲಿತು. ಆಟೋದಲ್ಲಿದ್ದ ಎಳನೀರು ಒಂದೊಂದೂ ಬೇರೆಬೇರೆಯಾಗಿ ಕಾಣುವಷ್ಟು ಹತ್ತಿರ ನಿಂತಿದ್ದೆವು. ಕೂಸು ಅಕ್ಕನ ತೋಳಿನಲ್ಲಿ ಭದ್ರವಾಗಿ ಮಲಗಿತ್ತು. ಒಂದು ವಾರದ ಹಿಂದಿನ ಬ್ರೇಕಾಗಿದ್ದರೆ ಏನಾಗುತ್ತಿತ್ತೆಂದು ಕಾರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

"ನಿನ್ ನಂಬಿ ಕೂಸ್ನ ಕೂರುಸ್ದೆ," ಎಂದಳು ಅಕ್ಕ, ಹಣೆ ಉಜ್ಜಿಕೊಳ್ಳುತ್ತ. "ಹಿಂಗಾ ಬ್ರೇಕ್ ಹಾಕೋದು? ಮೊದ್ಲು ಎಷ್ಟ್ ಚೆನ್ನಾಗ್ ಓಡುಸ್ತಿದ್ದೆ ನೀನು."

ನನ್ನ ಕಡೆಯ ವಾದ ಗಟ್ಟಿಯಾಗಿತ್ತು. ಆದರೆ ಅದನ್ನು ಮಂಡಿಸಬೇಕಾದರೆ, ಆ ಚೆನ್ನಾಗಿದ್ದ ಕಾಲದಲ್ಲಿ ಅವಳನ್ನು ಮದುವೆಗಳಿಗೂ ಕಣ್ಣಿನ ಡಾಕ್ಟರ ಹತ್ತಿರಕ್ಕೂ ಅರ್ಧ ಬ್ರೇಕಿನಲ್ಲಿ ಸುತ್ತಾಡಿಸಿದ್ದನ್ನು ಹೇಳಬೇಕಿತ್ತು.

"ತಪ್ಪಾಯ್ತು ಕಣಕ್ಕ," ಎಂದೆ. ಹಾಗೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸುದ್ದಿಗೆ ಬ್ರೇಕಿಲ್ಲ. ನನಗೆ ವಯಸ್ಸಾಯಿತು, ಕೈ ಮೊದಲಿನಂತಿಲ್ಲ ಎಂದು ನೆಂಟರೆಲ್ಲ ಮರುಗಿದರು. ಮೂರನೇ ತಿಂಗಳಲ್ಲಿ ಸಿ.ಎಸ್. ಪುರದಲ್ಲಿರುವ ಸುಮಾಳ ಗಂಡನ ಮನೆಯಲ್ಲಿ ನಾಮಕರಣ. ಅಕ್ಕ ನನ್ನನ್ನು ಕೇಳದೆ ಬಾಡಿಗೆ ಕಾರು ಗೊತ್ತು ಮಾಡಿದಳು. ನನ್ನ ಕಾರನ್ನು ಅವಳ ಮನೆಯ ಮುಂದೆ ಬಿಟ್ಟು, ನಾನೂ ಆ ಬಾಡಿಗೆ ಕಾರಿನಲ್ಲೇ ಡ್ರೈವರ್ ಪಕ್ಕದಲ್ಲಿ ಕೂತೆ. ಆ ಮನುಷ್ಯ ಹಂಪು ಕಾಣುವ ಮುಂಚೆಯೇ ವೇಗ ಇಳಿಸುತ್ತಿದ್ದ. ಎದುರು ಬಂದವರಿಗೆಲ್ಲ ದಾರಿ ಬಿಡುತ್ತಿದ್ದ. ಹಿಂದಿನ ಸೀಟಿನಿಂದ ಅಕ್ಕ ಅವನನ್ನು ಮನಸಾರೆ ಹೊಗಳಿದಳು. ನನಗೆ ಎಲ್ಲವೂ ಅರ್ಥವಾಯಿತು, ಇವನ ಬ್ರೇಕೂ ಸೋರುತ್ತಿದೆ. ಕೂಸು ಕೂತ ಕಾರು, ನೋಡದೆ ಹೇಗೆ ಬಿಡಲಿ?

ಟೀಗೆ ನಿಲ್ಲಿಸಿದಾಗ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ಮುಂದಿನ ಎರಡೂ ಚಕ್ರಗಳ ಒಳಮೈಗೆ ಬೆರಳು ಹಚ್ಚಿ ನೋಡಿದೆ. ಒಣಗಿತ್ತು. ಪೆಡಲು ಹೇಗಿದೆ ಎಂದು ಅವನನ್ನೇ ಕೇಳಿದೆ. ಕಲ್ಲಿನ ಹಾಗಿದೆ ಸಾರ್ ಎಂದ.

ಬ್ರೇಕು ಸರಿಯಿದ್ದೂ ನಿಧಾನವಾಗಿ ಹೋಗುವವರು ಲೋಕದಲ್ಲಿ ಇರಬಹುದೆಂದು ನನಗೆ ಅದುವರೆಗೂ ತೋಚಿರಲಿಲ್ಲ.